ಆಕಾಶಕ್ಕೆ ಒಂಬತ್ತು ವೋಲ್ಟು

ಕಂಸನನ್ನು ನಾನು ಇದುವರೆಗೆ ಮೂವತ್ತೊಂದು ಸಲ ನಡುಗಿಸಿದ್ದೇನೆ. ಶ್ರೀರಂಗಪಟ್ಟಣ ತಾಲ್ಲೂಕಿನಲ್ಲಿ ಒಂಬತ್ತು ಸಲ, ಪಾಂಡವಪುರದಲ್ಲಿ ಹನ್ನೊಂದು, ಕೆ.ಆರ್. ಪೇಟೆಯಲ್ಲಿ ಆರು, ನಾಗಮಂಗಲದಲ್ಲಿ ಐದು. ನಾನು ಬಾಯಿ ತೆರೆದರೆ ಹಸುಗೂಸುಗಳು ಒಟ್ಟಿಗೆ ಅಳುತ್ತವೆ, ಮುದುಕಿಯರು ಕೆನ್ನೆ ಬಡಿದುಕೊಳ್ಳುತ್ತಾರೆ, ಕಡಲೆಕಾಯಿ ಮಾರುವವರು ಸೇರನ್ನು ಕೈಯಲ್ಲಿ ಹಿಡಿದು ಹಾಗೇ ನಿಂತುಬಿಡುತ್ತಾರೆ. ಕೆ.ಆರ್.ಎಸ್. ಕೆಳಗಿನ ಊರೊಂದರಲ್ಲಿ ನನ್ನ ದನಿ ಕೇಳಿ, ಅಣೆಕಟ್ಟೆಯಿಂದ ನೀರು ಬಿಟ್ಟರೆಂದು ಜನ ಚಾಪೆ ಸುತ್ತಿಕೊಂಡು ಎದ್ದಿದ್ದರು ಎಂಬ ಪ್ರತೀತಿಯೂ ಇದೆ. ಆ ಪ್ರತೀತಿಯನ್ನು ಹಬ್ಬಿಸಿದವನು ನಾನೇ.

ಇಷ್ಟಾದರೂ ನಾಟಕ ನೋಡಿದ ಒಬ್ಬರೂ ನನ್ನ ಮುಖ ನೋಡಿಲ್ಲ. ಏಕೆಂದರೆ ನಾನು ಅಶರೀರವಾಣಿ.

ನಮ್ಮ ಬಳಗ ಆಡುವ ಕೃಷ್ಣಲೀಲೆ ನಾಟಕದ ಮೊದಲನೇ ದೃಶ್ಯದಲ್ಲಿ, ಕಂಸ ತಂಗಿ ದೇವಕಿಯ ಮದುವೆ ಮುಗಿಸಿ, ಅವಳನ್ನು ಗಂಡನ ಮನೆಗೆ ಬಿಡಲು ತಾನೇ ರಥ ಹೊಡೆದುಕೊಂಡು ಹೊರಟಿರುತ್ತಾನೆ. ಆಗ ಆಕಾಶದಿಂದ ಒಂದು ದನಿ ಬರುತ್ತದೆ. ಇವಳ ಎಂಟನೆಯ ಮಗ ನಿನ್ನ ಮೃತ್ಯು ಎನ್ನುತ್ತದೆ. ಒಟ್ಟು ನಾಲ್ಕು ವಾಕ್ಯ. ಆದರೆ ಆ ನಾಲ್ಕು ವಾಕ್ಯ ಇಲ್ಲದಿದ್ದರೆ ಕಂಸನಿಗೆ ಸಿಟ್ಟಿಲ್ಲ, ದೇವಕಿಗೆ ಸೆರೆಮನೆಯಿಲ್ಲ, ಕೃಷ್ಣನಿಗೆ ಹುಟ್ಟುವ ಅಗತ್ಯವೇ ಇಲ್ಲ. ಜನ ಎಂಟು ಗಂಟೆಗೆಲ್ಲ ಮನೆಗೆ ಹೋಗಿ ಮುದ್ದೆ ಉಂಡು ಮಲಗಬಹುದು. ಇಡೀ ಪುರಾಣ ನನ್ನ ಗಂಟಲಿನ ಮೇಲೆ ನಿಂತಿದೆ ಎಂದು ನಾನಾಗಿ ಹೇಳಿಕೊಳ್ಳುವುದಿಲ್ಲ. ಕೇಳಿದವರಿಗೆ ಮಾತ್ರ ಹೇಳುತ್ತೇನೆ.

ಆ ಗಂಟಲಿನ ಬಗ್ಗೆಯೂ ಒಂದು ಮಾತು ಹೇಳಬೇಕು. ನಾನು ಶ್ರೀರಂಗಪಟ್ಟಣದ ಅಕ್ಕಸಾಲಿ. ಹೆಸರು ಕೃಷ್ಣಮೂರ್ತಿ, ಊರಿಗೆಲ್ಲ ಆಚಾರ್ರು. ಹುಟ್ಟಿನಿಂದ ಬಂದ ದನಿ ಸಣ್ಣದು. ಎಷ್ಟು ಸಣ್ಣದೆಂದರೆ, ಫೋನೆತ್ತಿ ಹಲೋ ಅಂದರೆ ಆ ಕಡೆಯವರು "ಅಮ್ಮಾ, ಆಚಾರ್ರಿಗೆ ಕೊಡಿ" ಅನ್ನುತ್ತಾರೆ. ನಾನು ಒಂದು ಗಳಿಗೆ ಸುಮ್ಮನಿದ್ದು, ಕೆಮ್ಮಿ, ಎರಡನೇ ಸಲ ಹಲೋ ಅನ್ನುತ್ತೇನೆ. ಈ ದನಿಗೂ ಕಂಸನ ನಡುಕಕ್ಕೂ ನಡುವೆ ನಿಂತಿರುವುದು ಒಂದು ಡಬ್ಬ.

ಅದು ಎಕೋ ಡಬ್ಬ, ಜಪಾನಿನದು. ಮೈಸೂರಿನ ಆರ್ಕೆಸ್ಟ್ರಾವೊಂದು ಮುಚ್ಚಿಹೋದಾಗ ಅದರ ಗಿಟಾರಿನವನಿಂದ ಇಪ್ಪತ್ತೆರಡು ವರ್ಷದ ಹಿಂದೆ ತಂದದ್ದು. ಮೈಕಿನ ವೈರು ಅದರೊಳಗೆ ಹೋಗುತ್ತದೆ, ಅದರಿಂದ ಹೊರಟ ವೈರು ಆಂಪ್ಲಿಫೈಯರಿಗೆ ಹೋಗುತ್ತದೆ. ಈ ಕಡೆ ಆಚಾರಿ ಮಾತಾಡಿದರೆ ಆ ಕಡೆ ಭಗವಂತ ಹೊರಬರುತ್ತಾನೆ. ಮುಂದುಗಡೆ ನಾಲ್ಕು ನಾಬು, ಹಿಂದುಗಡೆ ಒಂದು ತೂತು, ಆ ತೂತಿಗೆ ಇಟ್ಟಿಗೆಯಂಥ ಒಂದು ಅಡಾಪ್ಟರು. ಬಳಗದಲ್ಲಿ ಪಾತ್ರಗಳನ್ನು ಹಂಚುವ ದಿನ ಯಾರೂ ನನ್ನ ದನಿ ಪರೀಕ್ಷೆ ಮಾಡಲಿಲ್ಲ. ಡಬ್ಬ ಯಾರದೋ ಆಕಾಶ ಅವರದು ಎಂದು ತೀರ್ಮಾನವಾಯಿತು.

ಆ ಡಬ್ಬವನ್ನು ನಾನು ಒಡವೆ ಸುತ್ತುವ ಕೆಂಪು ಮಖಮಲ್ಲಿನಲ್ಲಿ ಸುತ್ತಿ ಇಟ್ಟಿದ್ದೇನೆ. ವರ್ಷಕ್ಕೊಂದು ಸಲ, ಆಯುಧಪೂಜೆಯ ಹಿಂದಿನ ದಿನ, ಅಂಗಡಿಯ ಪಾಲಿಶ್ ಮೋಟಾರಿಗೆ ಹಿಡಿದು ಹೊಳಪು ಕೊಡುತ್ತೇನೆ. ಅಕ್ಕಸಾಲಿಯ ಮನೆಯಲ್ಲಿ ಲೋಹ ಮಂಕಾಗಿ ಕೂರಬಾರದು ಎಂಬುದು ನಮ್ಮಪ್ಪನಿಂದ ಬಂದ ನೇಮ. ಇಪ್ಪತ್ತೆರಡು ಆಯುಧಪೂಜೆಗಳಾದ ಮೇಲೆ ಡಬ್ಬ ಕನ್ನಡಿಯಾಗಿದೆ. ಅದರ ಮೇಲೆ ಕಂಪನಿಯ ಹೆಸರಿಲ್ಲ, ನಂಬರಿಲ್ಲ, ಯಾವ ನಾಬು ಯಾತಕ್ಕೆ ಎಂಬ ಬರಹವಿಲ್ಲ. ಹಿಂದಿನ ತೂತಿನ ಪಕ್ಕ ಒಂದು 9 ಮಾತ್ರ ಹೇಗೋ ಉಳಿದುಕೊಂಡಿದೆ. ಅದರ ಮುಂದೆ ಇನ್ನೇನೋ ಇತ್ತು. ಹಾವಿನಮರಿಯಂಥ ಒಂದು ಗೀಚು. ಅದನ್ನು ಕಲೆ ಎಂದುಕೊಂಡು ನಾನು ವಿಶೇಷ ಶ್ರದ್ಧೆಯಿಂದ ಉಜ್ಜಿದ್ದು ನನಗೆ ಚೆನ್ನಾಗಿ ನೆನಪಿದೆ.

ಇಂಥ ಕಲಾಜೀವನಕ್ಕೆ ಒಂದೇ ಒಂದು ಕಳಂಕವಿತ್ತು. ನನ್ನ ಅತ್ತೆ ಮಂಗಳಮ್ಮ. ತೊಣ್ಣೂರಿನವರು. ಅಳಿಯ ನಾಟಕ ಆಡುತ್ತಾನೆ ಎಂಬುದನ್ನು ಅವರು ಒಂದು ದಿನವೂ ನಂಬಿದವರಲ್ಲ. ಎದುರಿಗೆ ಅಳಿಯಂದ್ರೇ ಅಂತ ಬಹುವಚನ. ಬೆನ್ನ ಹಿಂದೆ ಮಗಳ ಹತ್ತಿರ ಆಡುವ ಮಾತೇ ಬೇರೆ.

"ಬಣ್ಣ ಅಚ್ಚಕ್ಕಿಲ್ಲ, ಏಸ ಕಟ್ಟಕ್ಕಿಲ್ಲ, ಮೊಕ ತೋರ್ಸಕ್ಕಿಲ್ಲ. ಇದ್ಯಾವ ನಾಟ್ಕನೇ ಹೇಮಿ? ನಿನ್ ಗಂಡ ಎಲ್ಲೋ ಇಸ್ಪೀಟ್ ಆಡಕ್ ಓಗ್ತಾವ್ನೆ ಕಣೆ."

ಹೇಮ ನನ್ನ ಪರವಾಗಿ ವಾದಿಸುತ್ತಿದ್ದಳು. ಆದರೆ ಅವಳೂ ನನ್ನನ್ನು ರಂಗದ ಮೇಲೆ ಕಂಡವಳಲ್ಲವಾದ್ದರಿಂದ ವಾದದಲ್ಲಿ ಬಲ ಇರುತ್ತಿರಲಿಲ್ಲ. ಅತ್ತೆ ಊರು ಬಿಟ್ಟು ನಾಟಕಕ್ಕೆ ಬರುವವರಲ್ಲ. ನಾಟಕ ಅವರ ಊರಿಗೆ ಹೋಗಿರಲಿಲ್ಲ. ಈ ವರ್ಷ ಹೋಯಿತು. ಶನಿವಾರ ಸಂಜೆ ಏಳಕ್ಕೆ, ತೊಣ್ಣೂರು ಕೆರೆಯ ಹತ್ತಿರದ ಬಯಲಿನಲ್ಲಿ. ಅತ್ತೆ ಮೊದಲ ಸಾಲಿನಲ್ಲಿ ಚಾಪೆಯ ಜಾಗ ಹಿಡಿಸಿದ್ದಾರೆಂದು ಸುದ್ದಿ ಬಂತು.

ನಾನು ನಡುಮನೆಯಲ್ಲಿ ನಿಂತು ಘೋಷಣೆ ಮಾಡಿದೆ. ನಿಮ್ಮವ್ವನ ಇಪ್ಪತ್ತು ವರ್ಷದ ಅನುಮಾನವನ್ನು ಶನಿವಾರ ನಾಲ್ಕೇ ವಾಕ್ಯದಲ್ಲಿ ತೀರಿಸುತ್ತೇನೆ ಎಂದೆ. ಹೇಮ ಹುರುಳಿಕಾಯಿ ಮುರಿಯುತ್ತ ತಲೆಯೆತ್ತದೆ, "ಮೊದ್ಲು ಆ ಬೆಳ್ಳಿ ಪದಕ ತೀರ್ಸಿ. ಗಿರಾಕಿ ಮೂರ್ ಸಲ ಬಂದೋದ್ರು" ಅಂದಳು.

ಅನಾಹುತ ಶುರುವಾದದ್ದು ಆ ಪದಕದಿಂದಲೇ.

ಬೆಳ್ಳಿ ಪದಕಕ್ಕೆ ಚಿನ್ನದ ನೀರು ಕೂರಿಸಬೇಕಿತ್ತು. ಅದಕ್ಕೊಂದು ಮೆಷಿನ್ನಿದೆ. ಪ್ಲಸ್ ವೈರನ್ನು ಚಿನ್ನಕ್ಕೆ, ಮೈನಸ್ ವೈರನ್ನು ಒಡವೆಗೆ ಕಟ್ಟಿ ದ್ರಾವಣದಲ್ಲಿ ಮುಳುಗಿಸಿದರೆ ಒಡವೆಯ ಮೇಲೆ ಚಿನ್ನ ಹತ್ತುತ್ತದೆ. ವೈರು ಅದಲುಬದಲಾದರೆ ಒಡವೆಯೇ ಕರಗಿ ನೀರಿಗೆ ಹೋಗುತ್ತದೆ. ಹಾಗಾಗಿ ಅಕ್ಕಸಾಲಿ ತಾಯಿಯ ಹೆಸರು ಮರೆತರೂ ಪ್ಲಸ್ಸು ಮೈನಸ್ಸು ಮರೆಯುವುದಿಲ್ಲ. ಬುಧವಾರ ಆ ಮೆಷಿನ್ನು ಕೆಟ್ಟಿತು. ನನ್ನ ಕಣ್ಣು ಎಕೋ ಡಬ್ಬದ ಅಡಾಪ್ಟರಿನ ಮೇಲೆ ಬಿತ್ತು. ಕರೆಂಟು ಕರೆಂಟೇ ಅಲ್ಲವೇ ಎಂದುಕೊಂಡು ಕಟ್ಟಿದೆ. ಅರ್ಧ ಗಂಟೆಯಾದರೂ ಪದಕದ ಮೇಲೆ ಚಿನ್ನ ಕೂರಲಿಲ್ಲ. ವೈರು ತಿರುಗಿಸಿ ಕಟ್ಟಿದೆ, ಆಗಲೂ ಇಲ್ಲ. ದ್ರಾವಣ ಹಳೆಯದಾಗಿದೆ, ನಿಧಾನವಾಗಿ ಹತ್ತಲಿ ಎಂದು ಹಾಗೇ ಬಿಟ್ಟು ಊಟಕ್ಕೆ ಹೋಗಿ, ಊಟದ ಮೇಲೆ ಒಂದು ಗಳಿಗೆ ಒರಗಿದೆ. ಎದ್ದು ಬಂದಾಗ ಪದಕ ಹಾಗೇ ಬೆಳ್ಳಗಿತ್ತು. ಅಡಾಪ್ಟರು ಬಸುರಿಯ ಹಾಗೆ ಉಬ್ಬಿತ್ತು, ಅದರ ಮೇಲಿನ ಬರಹವೆಲ್ಲ ಕರಗಿ ಕಪ್ಪಾಗಿತ್ತು. ಅಂಗಡಿಯೆಲ್ಲ ಸುಟ್ಟ ಬದನೆಕಾಯಿಯ ವಾಸನೆ.

ಹೇಮ ಮೂಗು ಅರಳಿಸಿಕೊಂಡು ಬಂದು ಏನಾಯಿತೆಂದು ಕೇಳಿದಳು. ಅಡಾಪ್ಟರಿಗೆ ವಯಸ್ಸಾಗಿತ್ತು, ಹೋಯಿತು ಎಂದೆ. ಅವಳು ಫೋನಿನಲ್ಲಿ ತರಿಸಿ ಅಂದಳು. ಹೆಸರು, ನಂಬರು ಇಲ್ಲದ ಡಬ್ಬಕ್ಕೆ ಏನೆಂದು ತರಿಸುವುದು? ಅವಳೇ ಡಬ್ಬದ ಫೋಟೊ ಹೊಡೆದು ಫೋನಿಗೆ ಹುಡುಕಲು ಹೇಳಿದಳು. ನನ್ನ ಪಾಲಿಶಿನ ಮಹಿಮೆ, ಫೋನು ಹದಿನಾಲ್ಕು ಬಗೆಯ ಸ್ಟೀಲ್ ಊಟದ ಡಬ್ಬಗಳನ್ನು ತೋರಿಸಿತು.

"ಮೂರು ಕಂಪಾರ್ಟ್‌ಮೆಂಟಿಂದು ಚೆನ್ನಾಗಿದೆ" ಎಂದು ಹೇಮ ಗಂಭೀರವಾಗಿ ಹೇಳಿ ಒಳಗೆ ಹೋದಳು.

ಗುರುವಾರ ಬೆಳಿಗ್ಗೆ ದಿಗ್ವಿಜಯ ಹೊರಟೆ. ಶ್ರೀರಂಗಪಟ್ಟಣದ ಬಸ್‌ಸ್ಟ್ಯಾಂಡಿನ ಆಸುಪಾಸಿನ ಮೂರು ಮೊಬೈಲ್ ಅಂಗಡಿಗಳಲ್ಲೂ ಒಂದೇ ಪ್ರಶ್ನೆ ಎದುರಾಯಿತು: ಪಿನ್ನಿನ ಒಳಗೆ ಪ್ಲಸ್ಸೋ, ಹೊರಗೆ ಪ್ಲಸ್ಸೋ? ನಾನು ಬೆವರಿದೆ. ಪ್ಲಸ್ಸು ಮೈನಸ್ಸಿನ ವಿಷಯದಲ್ಲಿ ಅಕ್ಕಸಾಲಿಯೊಬ್ಬನಿಗೆ ಉತ್ತರ ತಿಳಿಯದೆ ಹೋಗುವುದು ವೈದ್ಯನಿಗೆ ನಾಡಿ ಸಿಕ್ಕದೆ ಹೋದ ಹಾಗೆ. ಒಂಬತ್ತು ಅನ್ನುವುದೊಂದು ಗೊತ್ತು ಎಂದೆ. ಒಂಬತ್ತು ಏನು ಎಂದು ಕೇಳಿದರು. ಬರೀ ಒಂಬತ್ತು ಎಂದೆ. ಮೂರನೇ ಅಂಗಡಿಯವನು ಒಂಬತ್ತು ವೋಲ್ಟಿರಬೇಕು ಎಂದು ನಿರ್ಧರಿಸಿ ಕೈಗೊಂದು ಹಗುರವಾದ ಅಡಾಪ್ಟರು ಕೊಟ್ಟ.

ಅದನ್ನು ಹಿಡಿದು ಪಾಂಡವಪುರದ ಕುಳ್ಳಯ್ಯನ ಮನೆಗೆ ಹೋದೆ. ಕುಳ್ಳಯ್ಯ ನಮ್ಮ ನಾಟಕಕ್ಕೆ ಮೈಕ್‌ಸೆಟ್ ಹಾಕುವವನು. ಹೆಸರಷ್ಟೇ ಕುಳ್ಳಯ್ಯ, ಆಳು ಆರಡಿ. ದನಿ ಅದಕ್ಕಿಂತ ಎತ್ತರ. ಅವನ ಆಂಪ್ಲಿಫೈಯರಿಗೆ ಡಬ್ಬ ಸಿಕ್ಕಿಸಿ, ಹೊಸ ಅಡಾಪ್ಟರು ಚುಚ್ಚಿದೆವು. ಡಬ್ಬದ ಕೆಂಪು ದೀಪ ಹತ್ತಿತು. ನನ್ನ ಕಣ್ಣಲ್ಲಿ ನೀರು ಬಂತು. ಮೈಕಿನಲ್ಲಿ "ಎಲೈ ಕಂಸ" ಎಂದೆ. ಸ್ಪೀಕರಿನಿಂದ ದುಂಬಿಯೊಂದು ಬಾಟಲಿಗೆ ಬಿದ್ದಂಥ ಗುಂಯ್ ಬಂತು, ಕಂಸ ಬರಲಿಲ್ಲ. ಒಳಗಿನ ಪ್ಲಸ್ಸು ಹೊರಗೆ ಬರಬೇಕೇನೋ ಎಂದು ವೈರು ಕತ್ತರಿಸಿ, ಜೇಬಿನಲ್ಲಿದ್ದ ಬೆಸುಗೆಯ ಸಾಮಾನಿನಿಂದ ತಿರುಗಿಸಿ ಬೆಸೆದೆ. ಈಗ ದೀಪವೂ ಹತ್ತಲಿಲ್ಲ. ಕುಳ್ಳಯ್ಯ ಒಂದು ಗೋಣಿಚೀಲ ತಂದು ಸುರಿದ. ಅದರ ತುಂಬ ಅವನು ಮೂವತ್ತು ವರ್ಷದಿಂದ ಕೂಡಿಹಾಕಿದ ಅಡಾಪ್ಟರುಗಳು. ಸಂಜೆಯವರೆಗೆ ಒಂದೊಂದನ್ನೇ ಚುಚ್ಚಿದೆವು. ಕೆಲವಕ್ಕೆ ದೀಪ, ಕೆಲವಕ್ಕೆ ದುಂಬಿ, ಕೆಲವಕ್ಕೆ ಎರಡೂ. ಆಕಾಶ ಮಾತ್ರ ಬಾಯಿ ಬಿಡಲಿಲ್ಲ.

ಆಗ ಕುಳ್ಳಯ್ಯ, ನನಗೆ ಉಪಕಾರ ಮಾಡುತ್ತಿದ್ದೇನೆಂಬ ಪೂರ್ತಿ ನಂಬಿಕೆಯಿಂದ, ನನ್ನ ಎದೆಗೆ ಚೂರಿ ಹಾಕಿದ.

"ಯಾಕಾಚಾರ್ರೇ ಇಷ್ಟು ಪಜೀತಿ? ನನ್ ಹೊಸ ಮಿಕ್ಸರಲ್ಲೇ ಎಕೋ ಅದೆ. ಒಂದ್ ಬಟನ್ ಒತ್ತುದ್ರಾಯ್ತು."

ನಾನು ಗೋಣಿಚೀಲಕ್ಕೆ ಇನ್ನೊಮ್ಮೆ ಕೈ ಹಾಕಿದೆ. ಅವನು ತಾನೇ ಯೋಚಿಸಿ ಮುಂದುವರಿಸಿದ.

"ಬಟನ್ ಒತ್ತಕ್ಕೆ ನಾನೇ ಕೂತಿರ್ತೀನಲ್ಲ. ನೀವ್ಯಾಕೆ ಅಷ್ಟ್ ದೂರ ಬತ್ತೀರಿ? ನಾಕ್ ಮಾತು ತಾನೆ, ಕೂತ್ ಕಡೆಯಿಂದ್ಲೇ ನಾನೇ ಅಂದ್ಬುಡ್ತೀನಿ."

ಅವನ ಆ ನಾಲ್ಕು ಮಾತಿಗೆ ಗೋಡೆಯ ಕ್ಯಾಲೆಂಡರು ಅಲುಗಾಡಿತು. ಇವನಿಗೆ ಎಕೋ ಕೂಡ ಬೇಕಿಲ್ಲ ಎಂಬುದು ನನಗೆ ಆಗ ಹೊಳೆಯಿತು. ಶನಿವಾರ ಡಬ್ಬ ಮಾತಾಡದಿದ್ದರೆ ತೊಣ್ಣೂರಿನಲ್ಲಿ ಕುಳ್ಳಯ್ಯ ಆಕಾಶವಾಗುತ್ತಾನೆ. ನಾನು ಅತ್ತೆಯ ಪಕ್ಕದಲ್ಲಿ ಚಾಪೆಯ ಮೇಲೆ ಕೂತು ಅದನ್ನು ಕೇಳುತ್ತೇನೆ. ಅತ್ತೆ ನನ್ನ ಕಡೆ ತಿರುಗಿ ಒಮ್ಮೆ ನೋಡುತ್ತಾರೆ. ಆ ನೋಟವನ್ನು ಊಹಿಸಿಕೊಂಡೇ ಡಬ್ಬ ಸುತ್ತಿಕೊಂಡು ಎದ್ದೆ. ನಾಟಕಕ್ಕೆ ಮುಂಚೆ ಡಬ್ಬ ಮಾತಾಡುತ್ತದೆ ಎಂದು ಹೇಳಿ ಬಂದೆ. ಕುಳ್ಳಯ್ಯ ಬಾಗಿಲಿನವರೆಗೆ ಬಂದು, ತಾನು ಮಾತು ಬಾಯಿಪಾಠ ಮಾಡಿಕೊಂಡೇ ಇರುತ್ತೇನೆ, ಏನೂ ಯೋಚನೆ ಮಾಡಬೇಡಿ ಎಂದು ಧೈರ್ಯ ಹೇಳಿದ.

ಶುಕ್ರವಾರ ಕೆ.ಆರ್. ಪೇಟೆಯ ಬಸ್ಸು ಹತ್ತಿದೆ. ಜನ ಕಿಕ್ಕಿರಿದಿದ್ದರು. ಕೆಂಪು ಮಖಮಲ್ಲಿನ ಗಂಟನ್ನು ಎದೆಗವಚಿಕೊಂಡು ನಿಂತಿದ್ದ ನನ್ನನ್ನು ಕಂಡು ಒಬ್ಬರು ಎದ್ದು ಜಾಗ ಬಿಟ್ಟರು. ಪಕ್ಕದ ಮುದುಕಿ ಕೈಯಲ್ಲಿದ್ದ ಹೂವಿನಿಂದ ಒಂದು ಎಸಳು ಕಿತ್ತು ಗಂಟಿನ ಮೇಲಿಟ್ಟು, ಯಾವ ದೇವರಪ್ಪಾ ಎಂದು ಕೇಳಿದಳು. ಅವಳ ಭಕ್ತಿಯನ್ನು ಕೆಡಿಸಲು ನನಗೆ ಮನಸ್ಸಾಗಲಿಲ್ಲ. ಜೀರ್ಣೋದ್ಧಾರಕ್ಕೆ ಹೋಗುತ್ತಿದೆ ಎಂದಷ್ಟೇ ಹೇಳಿದೆ. ಇಳಿಯುವವರೆಗೂ ಆ ಬಸ್ಸಿನಲ್ಲಿ ಯಾರೂ ನನ್ನ ಕಾಲು ತುಳಿಯಲಿಲ್ಲ.

ಕೆ.ಆರ್. ಪೇಟೆಯಲ್ಲಿ ನಮ್ಮ ಕಂಸ ಇದ್ದಾನೆ. ಶಿವಶಂಕರ್. ಟ್ರಾಕ್ಟರ್ ಬಿಡಿಭಾಗಗಳ ಅಂಗಡಿ. ಅಶರೀರವಾಣಿ ಕೇಳಿ ಅವನು ಅಂಗಾತ ರಥದಿಂದ ಬೀಳುವ ಪರಿ ಇದೆಯಲ್ಲ, ಅದನ್ನು ನೋಡಲೆಂದೇ ಜನ ಬರುತ್ತಾರೆ. ಕುಳ್ಳಯ್ಯನ ಪ್ರಸ್ತಾಪವನ್ನು ಹೇಳಿದಾಗ ಅವನ ಮುಖ ಸಣ್ಣಗಾಯಿತು. ಕುಳ್ಳಯ್ಯನ ದನಿ ದಿನಾ ಫೋನಿನಲ್ಲಿ ಕೇಳುತ್ತೇನೆ, ಅದಕ್ಕೆ ನಾನು ಬೀಳುವುದು ಹೇಗೆ ಎಂದ. ಕೂಡಲೇ ಒಂದು ಟ್ರಾಕ್ಟರ್ ಬ್ಯಾಟರಿ ಎಳೆದು ತಂದು ಮುಂದೆ ಇಟ್ಟ.

"ಒಂಬತ್ ಕೇಳ್ತದೆ ಅಂತೀರಿ. ಅನ್ನೆರಡ್ ಕೊಟ್ರೆ ಇನ್ನೂ ಗಟ್ಟಿಯಾಗ್ ಮಾತಾಡ್ತದೆ ಬುಡಿ ಆಚಾರ್ರೇ."

ನಾನು ಡಬ್ಬವನ್ನು ಬೆನ್ನ ಹಿಂದೆ ಇಟ್ಟುಕೊಂಡೆ. ಕಂಸ ಎರಡು ಕೈಯಲ್ಲೂ ವೈರು ಹಿಡಿದು ಬರುತ್ತಿದ್ದ. ಎಂಟು ಮಕ್ಕಳ ತಾಯಿಯ ಸಂಕಟ ಏನೆಂದು ನನಗೆ ಮೊದಲ ಸಲ ಅರ್ಥವಾಯಿತು. ಕೊನೆಗೆ ಅವನೇ ಬ್ಯಾಟರಿ ಬದಿಗಿಟ್ಟು, ನಾಗಮಂಗಲದಲ್ಲಿ ನಿಂಗಯ್ಯ ಅಂತ ರೇಡಿಯೋ ರಿಪೇರಿಯವರು ಇದ್ದಾರೆ, ಹಳೇ ಕಾಲದವರು, ಅವರ ಕೈಯಲ್ಲಿ ಆಗದಿದ್ದರೆ ಯಾರ ಕೈಯಲ್ಲೂ ಆಗುವುದಿಲ್ಲ ಎಂದು ವಿಳಾಸ ಕೊಟ್ಟ.

ನಿಂಗಯ್ಯನವರಿಗೆ ಎಪ್ಪತ್ತೈದರ ಮೇಲೆ ವಯಸ್ಸು. ಮನೆಯ ಜಗುಲಿಯೇ ಅಂಗಡಿ. ಸುತ್ತ ಯಾರೂ ವಾಪಸ್ಸು ತೆಗೆದುಕೊಂಡು ಹೋಗದ ರೇಡಿಯೋಗಳು. ಅವರು ಡಬ್ಬವನ್ನು ಬಿಚ್ಚಿ ನೋಡಿ, ಬಹಳ ಹೊತ್ತು ತಮ್ಮ ಮುಖವನ್ನೇ ಅದರಲ್ಲಿ ನೋಡಿಕೊಂಡರು. ಆಮೇಲೆ ಹಳೆಯ ಅಡಾಪ್ಟರು ಎಲ್ಲಿ ಎಂದರು. ಎಸೆದೆ ಎಂದೆ. ಅವರು ಸುಮ್ಮನೆ ಕೈ ಚಾಚಿಕೊಂಡೇ ಕೂತರು. ವೈದ್ಯರ ಮುಂದೆ ಎಷ್ಟು ಹೊತ್ತು ಸುಳ್ಳು ನಿಲ್ಲುತ್ತದೆ? ಚೀಲದ ತಳದಿಂದ ತೆಗೆದು ಕೊಟ್ಟೆ. ಮೂಸಿ ನೋಡಿದರು.

"ಏನ್ ಬೇಯ್ಸುದ್ರಿ ಇದ್ರಲ್ಲಿ?"

ಪದಕದ ಕಥೆ ಹೇಳಿದೆ. ಹೆಂಡತಿಗೆ ಹೇಳದ್ದನ್ನು ಮೊದಲ ಭೇಟಿಯಲ್ಲೇ ಅವರಿಗೆ ಹೇಳಿದೆ. ಅವರು ಅಡಾಪ್ಟರಿನ ಹೊಟ್ಟೆ ಸೀಳಿದರು. ಒಳಗೆ ತಾಮ್ರದ ಎರಡು ಸುರುಳಿ ಬಿಟ್ಟು ಬೇರೇನೂ ಇರಲಿಲ್ಲ. ಬೇರೆ ಅಡಾಪ್ಟರುಗಳಲ್ಲಿ ಕರೆಂಟನ್ನು ಒಂದೇ ದಿಕ್ಕಿಗೆ ಓಡಿಸುವ ಸಣ್ಣ ಕರಿಕಾಳುಗಳು ನಾಲ್ಕು ಇರುತ್ತವಂತೆ, ಡಯೋಡು ಅಂತ. ಇದರಲ್ಲಿ ಒಂದೂ ಇಲ್ಲ ಎಂದು ತೋರಿಸಿ, ಶಾಂತವಾಗಿ ಹೇಳಿದರು:

"ಆಚಾರ್ರೇ, ನಿಮ್ ಡಬ್ಬಕ್ಕೆ ಪ್ಲಸ್ಸೂ ಇಲ್ಲ, ಮೈನಸ್ಸೂ ಇಲ್ಲ. ಗೋಡೆ ಕರೆಂಟಿನಂಗೆ ಅತ್ಲಾಗೂ ಇತ್ಲಾಗೂ ಓಡಾಡೋ ಕರೆಂಟೇ ಬೇಕು ಇದ್ಕೆ, ಒಂಬತ್ತಕ್ಕೆ ಇಳ್ಸಿ ಕೊಡ್ಬೇಕು ಅಷ್ಟೇಯ. ತೂತಿನ್ ಪಕ್ಕ ಹಾವಿನಂಗೆ ಒಂದ್ ಗೀಟು ಬರ್ದಿರ್ತಾರೆ. ಇದ್ರಲ್ಲಿ ಯಾಕೋ ಕಾಣ್ತಿಲ್ಲ."

ಯಾಕೆ ಕಾಣುತ್ತಿಲ್ಲ ಎಂಬುದನ್ನು ನಾನು ಹೇಳಲಿಲ್ಲ. ಎರಡು ದಿನ, ನಾಲ್ಕು ತಾಲ್ಲೂಕು, ಒಂದು ಗೋಣಿಚೀಲ, ಒಳಗೆ ಪ್ಲಸ್ಸೋ ಹೊರಗೆ ಪ್ಲಸ್ಸೋ ಎಂದು ತಲೆ ಕೆಡಿಸಿಕೊಂಡು ಅಲೆದದ್ದು ಇಲ್ಲದ ಪ್ಲಸ್ಸಿಗಾಗಿ. ಪದಕದ ವಿಷಯವನ್ನೂ ಅವರೇ ಬಿಡಿಸಿದರು. ಸೆಕೆಂಡಿಗೆ ಐವತ್ತು ಸಲ ಚಿನ್ನ ಹತ್ತಿಸಿ, ಅದೇ ಸೆಕೆಂಡಿಗೆ ಐವತ್ತು ಸಲ ಕಿತ್ತು ತೆಗೆದಿದ್ದೆನಂತೆ. ನಮ್ಮ ವಂಶದಲ್ಲಿ ಯಾರೂ ಅಷ್ಟು ವೇಗವಾಗಿ ಕೆಲಸ ಮಾಡಿದವರಿಲ್ಲ.

ನಿಂಗಯ್ಯನವರು ಅಟ್ಟದಿಂದ ಒಂದು ಎಲಿಮಿನೇಟರು ತೆಗೆಸಿದರು. ಬ್ಯಾಟರಿ ಸೆಲ್ಲಿನ ಬದಲು ರೇಡಿಯೋಗೆ ಹಾಕುತ್ತಿದ್ದರಲ್ಲ, ಆ ಕಾಲದ್ದು. ಅದನ್ನು ಬಿಚ್ಚಿ, ಒಳಗಿದ್ದ ಡಯೋಡುಗಳನ್ನೂ ಡಬ್ಬಿಯಂಥ ಕೆಪಾಸಿಟರನ್ನೂ ಕಿತ್ತುಹಾಕಿದರು. ಉಳಿದ ಸುರುಳಿಗೆ ನನ್ನ ಪಿನ್ನು ಬೆಸೆದು, ಸೋಪಿನ ಡಬ್ಬಿಯೊಳಗೆ ಕೂರಿಸಿದರು. ಜೋಡಿಸುವುದಕ್ಕಿಂತ ತೆಗೆಯುವುದರಲ್ಲೇ ರಿಪೇರಿ ಮುಗಿದದ್ದನ್ನು ನಾನು ಮೊದಲು ಕಂಡದ್ದು ಅಲ್ಲಿ. ಪ್ರತಿಫಲವಾಗಿ ಏನೂ ಬೇಡ ಎಂದರು. ಒಳಗಿನಿಂದ ಅವರ ಹೆಂಡತಿ ಸಿದ್ದಲಿಂಗಮ್ಮ ಮಾತ್ರ ಓಲೆಯ ತಿರುಪು ಕಳೆದು ಎರಡು ವರ್ಷವಾಯಿತು ಎಂದು ಯಾರಿಗೂ ಅಲ್ಲದಂತೆ ಹೇಳಿದರು. ಜೇಬಿನ ಸಾಮಾನಿನಲ್ಲೇ ಅಲ್ಲೇ ಕೂತು ಒಂದು ತಿರುಪು ಮಾಡಿಕೊಟ್ಟೆ.

ಡಬ್ಬ ಪರೀಕ್ಷಿಸುವಾಗ ನಿಂಗಯ್ಯನವರು ನಾಲ್ಕೂ ನಾಬನ್ನು ಆ ಕಡೆ ಈ ಕಡೆ ತಿರುಗಿಸಿ ನೋಡಿದರು. "ಎಲೈ ಕಂಸ" ಎಂದೆ. ಹಿತ್ತಲಿನ ಹಸು ಹಗ್ಗ ಕಿತ್ತುಕೊಂಡು ಓಡಿತು. ಆನಂದದಲ್ಲಿ ನಾನು ಒಂದು ಸಂಗತಿಯನ್ನು ಗಮನಿಸಲಿಲ್ಲ. ಆ ನಾಬುಗಳು ಇಪ್ಪತ್ತೆರಡು ವರ್ಷದಿಂದ ಒಂದೇ ಜಾಗದಲ್ಲಿ ನಿಂತಿದ್ದವು. ನಾನು ಅವನ್ನು ಉಜ್ಜಿದ್ದೆನೇ ಹೊರತು ಒಂದು ದಿನವೂ ತಿರುಗಿಸಿರಲಿಲ್ಲ.

ಶನಿವಾರ ತೊಣ್ಣೂರು. ಕೆರೆಯ ಮೇಲಿಂದ ಗಾಳಿ ಬರುತ್ತಿತ್ತು. ಬಯಲು ತುಂಬಿತ್ತು. ಪರದೆಯ ತೂತಿನಿಂದ ನೋಡಿದೆ: ಮೊದಲ ಸಾಲಿನ ಚಾಪೆಯ ಮೇಲೆ ಅತ್ತೆ, ತೀರ್ಪು ಕೊಡಲು ಬಂದವರ ಹಾಗೆ, ಪಕ್ಕದಲ್ಲಿ ಹೇಮ. ಕುಳ್ಳಯ್ಯ ರಂಗದ ಬದಿಯಲ್ಲಿ ತನ್ನ ಮಿಕ್ಸರಿನ ಮುಂದೆ ಕೂತು, ಪರದೆಯ ಹಿಂದೆ ನನ್ನ ಬಳಿಯಿದ್ದ ಡಬ್ಬದ ವೈರನ್ನು ಸಿಕ್ಕಿಸಿ, ಒಮ್ಮೆ ಮಾತಾಡಿ ನೋಡಿ ಎಂದ. ನಾನು ಒಪ್ಪಲಿಲ್ಲ. ನಾಟಕಕ್ಕೆ ಮುಂಚೆ ಕಂಸ ಹಲೋ ಹಲೋ ಅನ್ನಬಹುದು, ದೇವಕಿ ಒನ್ ಟೂ ತ್ರೀ ಅನ್ನಬಹುದು. ಆಕಾಶ ಮೈಕ್ ಟೆಸ್ಟ್ ಮಾಡುವುದಿಲ್ಲ. ಇದು ನಾನು ಮೂವತ್ತೊಂದು ನಾಟಕಗಳಲ್ಲಿ ಪಾಲಿಸಿಕೊಂಡು ಬಂದ ವ್ರತ. ಕುಳ್ಳಯ್ಯ ಭುಜ ಕುಣಿಸಿ, ತಾನು ಬಾಯಿಪಾಠ ಮಾಡಿದ ಚೀಟಿಯನ್ನು ಮಿಕ್ಸರಿನ ಮೇಲೆ ಇಟ್ಟುಕೊಂಡ.

ದೃಶ್ಯ ಶುರುವಾಯಿತು. ಶಿವಶಂಕರ್ ರಥ ಹೊಡೆದ, ತಂಗಿಯನ್ನು ಹೊಗಳಿ ಎರಡು ಪದ್ಯ ಹಾಡಿದ. ಹಾರ್ಮೋನಿಯಂ ನಿಂತಿತು. ನನ್ನ ಗಳಿಗೆ ಬಂತು. ಎದೆ ಉಬ್ಬಿಸಿ ಮೈಕ್ ಹಿಡಿದೆ.

"ಎಲೈ ಮೂಢ ಕಂಸನೇ."

ಆಕಾಶ ಬಿರಿಯಿತು. ಕಂಸನೇ, ಕಂಸನೇ, ಕಂಸನೇ ಎಂದು ದನಿ ಕೆರೆಯ ಕಡೆ ಹೋಯಿತು. ಬಯಲೆಲ್ಲ ಮೌನ. ಪರದೆಯ ತೂತಿನಲ್ಲಿ ಅತ್ತೆಯ ಬಾಯಿ ತೆರೆದದ್ದು ಕಂಡಿತು. ನಾನು ಗೆದ್ದೆ ಎಂದುಕೊಂಡೆ. ಆದರೆ ಹೋದ ಕಂಸನೇ ವಾಪಸ್ಸು ಬಂತು. ಮುಂಚಿಗಿಂತ ಜೋರಾಗಿ ಬಂತು. ನಾಲ್ಕು ನಾಬಿನಲ್ಲಿ ಯಾವುದೋ ಒಂದು, ದನಿಯನ್ನು ಎಷ್ಟು ಸಲ ತಿರುಗಿ ಕಳಿಸಬೇಕೆಂದು ಹೇಳುವಂಥದ್ದು, ಪೂರ್ತಿ ಕೊನೆಗೆ ತಿರುಗಿ ನಿಂತಿತ್ತು. ಅದು ನಿಲ್ಲಲಿ ಎಂದು ಕಾದೆ. ನಿಲ್ಲಲಿಲ್ಲ. ಕಾಯಲಾರದೆ ಎರಡನೇ ವಾಕ್ಯ ಹೇಳಿದೆ. ಅದು ಮೊದಲನೆಯದರ ಮೇಲೆ ಹತ್ತಿ ಕೂತಿತು. ಮೂರನೆಯದರಲ್ಲಿ "ನಿನ್ನ ತಂಗಿಯ ಎಂಟನೆಯ" ಎನ್ನುವಷ್ಟರಲ್ಲಿ ಎಂಟನೆಯ ಎಂಟನೆಯ ಎಂಟನೆಯ ಎಂದು ಬಯಲಿನಲ್ಲಿ ಸಂತೆ ಸೇರಿತು. ಯಾರೋ ಹಿಂದಿನಿಂದ, ಇಷ್ಟೊತ್ತಿಗೆ ಎಂಬತ್ತು ಮಕ್ಕಳಾದವು ಎಂದರು.

ಬೀಳಲು ಶಿವಶಂಕರನಿಗೆ "ಮೃತ್ಯು" ಎಂಬ ಮಾತು ಬೇಕು. ಅದು ಬರುತ್ತಿಲ್ಲ. ಅವನು ನಿಯಮದಂತೆ ನಡುಗಲು ಶುರುಮಾಡಿದ್ದ. ಆದರೆ ಮನುಷ್ಯ ಎಷ್ಟು ಹೊತ್ತು ನಡುಗಬಹುದು? ಎರಡು ನಿಮಿಷ ನಡುಗಿ, ಕಿರೀಟ ಸರಿಮಾಡಿಕೊಂಡು, ಮತ್ತೆ ನಡುಗಿ, ಕೊನೆಗೆ ಪರದೆಯ ಕಡೆ ಬಾಗಿದ.

"ಆಚಾರ್ರೇ, ಬ್ಯಾಗ ಸಾಯ್ಸಿ. ಕಾಲ್ ನೋಯ್ತಾವೆ."

ಅದೂ ದೇವಕಿಯ ಮುಂದಿದ್ದ ಮೈಕಿನಲ್ಲಿ ಕೇಳಿಸಿತು. ನಾನು ಒಂದು ನಾಬು ತಿರುಗಿಸಿದೆ, ದನಿ ದಪ್ಪಗಾಯಿತು. ಇನ್ನೊಂದು ತಿರುಗಿಸಿದೆ, ಓಡತೊಡಗಿತು. ನಾಲ್ಕೂ ಒಂದೇ ರೀತಿ ಹೊಳೆಯುತ್ತಿದ್ದವು. ಕೈಗೆ ಸಿಕ್ಕ ವೈರು ಹಿಡಿದು ಎಳೆದೆ. ಸೋಪಿನ ಡಬ್ಬಿ ಹಾರಿಬಂತು. ಕೆಂಪು ದೀಪ ಆರಿತು. ಲೋಕವೆಲ್ಲ ಒಮ್ಮೆಗೇ ನಿಶ್ಶಬ್ದ.

ಡಬ್ಬದೊಂದಿಗೆ ನನ್ನ ಮೈಕೂ ಸತ್ತಿತ್ತು. ಭವಿಷ್ಯವಾಣಿ "ಎಂಟನೆಯ" ಎಂಬಲ್ಲಿ ನಿಂತಿತ್ತು. ಎಂಟನೆಯ ಏನು? ಕಂಸ ಕಾಯುತ್ತಿದ್ದ, ದೇವಕಿ ಕಾಯುತ್ತಿದ್ದಳು, ಹುಟ್ಟಬೇಕಾದ ಕೃಷ್ಣ ಬಣ್ಣ ಹಚ್ಚಿಕೊಂಡು ಕಾಯುತ್ತಿದ್ದ. ಆಗ ರಂಗದ ಬದಿಯಲ್ಲಿ ಕುಳ್ಳಯ್ಯನ ಕೈ ನಿಧಾನವಾಗಿ ತನ್ನ ಮೈಕಿನ ಕಡೆ ಹೋಗುವುದು ಕಂಡಿತು. ಇನ್ನೊಂದು ಕೈಯಲ್ಲಿ ಚೀಟಿ ಇತ್ತು. ಅವನು ಉಸಿರು ಎಳೆದುಕೊಂಡ.

ಯೋಚಿಸಲು ಸಮಯ ಇರಲಿಲ್ಲ. ಸತ್ತ ಮೈಕನ್ನು ಬಿಟ್ಟು, ಪರದೆಗೆ ಬಾಯಿ ಹಚ್ಚಿ, ದೇವರು ಕೊಟ್ಟ ದನಿಯಲ್ಲೇ ಹೇಳಿದೆ.

"ಎಂಟನೆಯ ಮಗನೇ ನಿನ್ನ ಮೃತ್ಯು. ನೆನಪಿರಲಿ."

ಆ ಸದ್ದಿನ ಸಂತೆಯೆಲ್ಲ ಮುಗಿದ ಮೇಲೆ ಅದು ಸೂಜಿಯ ಹಾಗೆ ಹೋಯಿತು. ಜನ ಕೇಳಿಸಿಕೊಳ್ಳಲು ಮುಂದಕ್ಕೆ ಬಾಗಿದ್ದರು. ಯಾರೂ ಸಿಳ್ಳೆ ಹಾಕಲಿಲ್ಲ, ನಗಲಿಲ್ಲ. ಶಿವಶಂಕರ್ ರಥದಿಂದ ಬಿದ್ದ. ಅಷ್ಟು ಚೆನ್ನಾಗಿ ಅವನು ಎಂದೂ ಬಿದ್ದಿರಲಿಲ್ಲ. (ನಡುಗಿ ಸಾಕಾಗಿತ್ತು, ಯಾರು ಏನು ಅಂದಿದ್ದರೂ ಬೀಳುತ್ತಿದ್ದೆ ಎಂದು ಆಮೇಲೆ ಹೇಳಿದ. ಅದನ್ನು ನಾನು ಲೆಕ್ಕಕ್ಕೆ ಹಿಡಿದಿಲ್ಲ.) ಆ ಪವಿತ್ರವಾದ ಮೌನದಲ್ಲಿ ಮೊದಲ ಸಾಲಿನಿಂದ ಒಂದು ದನಿ ಬಂತು. ಅದಕ್ಕೆ ಎಕೋ ಬೇಕಿರಲಿಲ್ಲ, ಮೈಕೂ ಬೇಕಿರಲಿಲ್ಲ.

"ಅಯ್ಯೋ, ಇದು ನಮ್ಮಳಿಯಂದ್ರು ಕಣೆ ಹೇಮಿ!"

ಬಯಲಿಗೆ ಬಯಲೇ ನಕ್ಕಿತು. ಬಿದ್ದಿದ್ದ ಕಂಸನ ಹೊಟ್ಟೆಯೂ ಕುಲುಕುವುದು ಕಂಡಿತು. ನಾನು ಪರದೆಯ ಹಿಂದೆ ಸ್ಪೀಕರ್ ಪೆಟ್ಟಿಗೆಯ ಮೇಲೆ ಕುಸಿದು ಕೂತೆ. ಮೂವತ್ತೊಂದು ಸಲ ಕಾಪಾಡಿಕೊಂಡ ಗುಟ್ಟು, ತೊಣ್ಣೂರಿನ ಗಾಳಿಗೆ ಹೋಗಿತ್ತು.

ದೃಶ್ಯ ಮುಗಿದು ಪರದೆ ಬಿದ್ದಾಗ ಅತ್ತೆ ಮಗಳನ್ನು ಕರೆದುಕೊಂಡು ಒಳಗೇ ಬಂದರು. ಕುಳ್ಳಯ್ಯ ಚೀಟಿ ಮಡಿಸುತ್ತ ನಿಂತಿದ್ದ. ಶಿವಶಂಕರ್ ಬೆನ್ನು ತಿಕ್ಕಿಕೊಳ್ಳುತ್ತಿದ್ದ. ಅತ್ತೆ ನನ್ನನ್ನು, ಡಬ್ಬವನ್ನು, ಸೋಪಿನ ಡಬ್ಬಿಯನ್ನು ಒಂದೊಂದಾಗಿ ನೋಡಿದರು.

"ಇಸ್ಪೀಟಲ್ಲ ಬುಡಿ," ಅಂದರು. ಇಪ್ಪತ್ತು ವರ್ಷದ ಮೊಕದ್ದಮೆ ಎರಡು ಮಾತಿನಲ್ಲಿ ವಜಾ ಆಯಿತು. "ಮೊದ್ಲು ಅದೇನೋ ಗುಡುಗ್ತಲ್ಲ, ಅದು ಯಾರೋ ಎತ್ಲಾಗಿನವ್ರು ಅನ್ಕಂಡೆ. ಆಮೇಕೆ ಸಣ್ಣಕ್ ಅಂದ್ರಲ್ಲ, ಆಗ ಗೊತ್ತಾಯ್ತು ನೀವೇ ಅಂತ. ಮೈ ಜುಮ್ ಅಂತು ಕಣಪ್ಪ."

ಹೇಮ ನನ್ನನ್ನು ನೋಡುತ್ತಿದ್ದ ರೀತಿ ನನಗೆ ಮದುವೆಯ ಹೊಸದರಲ್ಲಿ ಪರಿಚಯವಿದ್ದದ್ದು. ಅತ್ತೆ ಡಬ್ಬವನ್ನು ಕೈಗೆತ್ತಿಕೊಂಡು ತಿರುಗಿಸಿ ನೋಡಿದರು.

"ಅಲ್ಲ ಅಳಿಯಂದ್ರೇ, ಸ್ವಂತ ದನಿ ಅಷ್ಟ್ ಚೆಂದಾಗ್ ಮುಟ್ತದೆ. ಇಷ್ಟೊರ್ಸ ಇದನ್ಯಾಕೆ ಒತ್ಕಂಡು ತಿರುಗುದ್ರಿ? ಕಂಸನ್ನ ಎದರ್ಸಕ್ಕಾ?"

ಎಲ್ಲರೂ ನನ್ನ ಕಡೆ ತಿರುಗಿದರು. ಧ್ವನಿಶಾಸ್ತ್ರ, ದೈವೀಭಾವ, ಪರಂಪರೆ ಎಂದು ಒಂದು ಉತ್ತರವನ್ನು ನಾನು ಇಪ್ಪತ್ತೆರಡು ವರ್ಷದಿಂದ ಸಿದ್ಧ ಮಾಡಿ ಇಟ್ಟುಕೊಂಡಿದ್ದೆ. ಕೆಮ್ಮಿ, ಗಂಟಲು ಸರಿಮಾಡಿಕೊಂಡೆ.

"ಇಲ್ಲ ಅತ್ತೆ. ನಂಗೇ ಹೆದ್ರಿಕೆ."